ಕೆಳಗೆ ಅಂಗಡಿ, ಮೇಲೆ ಮನೆ: ಬಳ್ಳಾರಿ ಪೇಟೆ ಮತ್ತೆ ಎದ್ದು ನಿಲ್ಲೋಕೆ ಯಾಕಿಷ್ಟು ಒದ್ದಾಟ?

ಬ್ರೂಸ್‌ಪೇಟೆ, ಕಾಳಮ್ಮ ಬೀದಿ, ತೇರು ಬೀದಿ ಕಡೆ ಹೋದಾಗ ಅಂಗಡಿ ಬೋರ್ಡುಗಳನ್ನು ಬಿಟ್ಟು ಸ್ವಲ್ಪ ಮೇಲಕ್ಕೆ ನೋಡುತ್ತಾ ನಡೆಯಿರಿ. ಒಂದು ಕಡೆ ನಾಲ್ಕಂತಸ್ತಿನ ಹೊಸ ಕಟ್ಟಡ, ಮುಖಕ್ಕೆಲ್ಲಾ ಅಲ್ಯೂಮಿನಿಯಂನ ಎಸಿಪಿ ಶೀಟು. ಅದರ ಪಕ್ಕದಲ್ಲೇ ಬೀಗ ಜಡಿದ ಮಾಳಿಗೆ ಮನೆ. ಜಂತಿ ಜೋತುಬಿದ್ದಿರುತ್ತೆ, ಗೋಡೆ ಸಂದಿಯಲ್ಲಿ ಅರಳಿ ಗಿಡ ಬೆಳೆದಿರುತ್ತೆ. ಎರಡೂ ಜಾಗಕ್ಕೆ ಬೆಲೆ ಹೆಚ್ಚುಕಡಿಮೆ ಒಂದೇ. ಆದರೂ ಒಂದು ಎದ್ದು ನಿಂತಿತು, ಇನ್ನೊಂದು ಕುಸಿಯುತ್ತಿದೆ.

ಮಾಲೀಕರ ಹತ್ತಿರ ದುಡ್ಡಿಲ್ಲ ಅಂತ ಅಂದುಕೊಂಡರೆ ತಪ್ಪು. ಹಳೇ ಬಳ್ಳಾರಿಯಲ್ಲಿ ಒಂದು ಮನೆ ಕೆಡವಿ ಮತ್ತೆ ಕಟ್ಟೋಕೆ ಅಡ್ಡ ಬರೋದು ಮುಖ್ಯವಾಗಿ ಎರಡು: ಜಾಗದ ಅಗಲ ಮತ್ತು ಸಹಿಗಳ ಸಂಖ್ಯೆ. ಎರಡಕ್ಕೂ ಹಳೇ ಕಥೆ ಇದೆ.

1800ರಲ್ಲಿ ನಿಜಾಮ ಈ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿಯ ಮೊದಲ ಪ್ರಧಾನ ಕಲೆಕ್ಟರ್ ಆದ. ಆಮೇಲೆ ಬಳ್ಳಾರಿ ಒಂದೇ ಊರಿನೊಳಗೆ ಎರಡು ಊರಾಗಿ ಬೆಳೆಯಿತು. ಒಂದು ಕಂಟೋನ್ಮೆಂಟ್: ಅಗಲ ರಸ್ತೆ, ದೊಡ್ಡ ಕಾಂಪೌಂಡು, ಮಧ್ಯದಲ್ಲಿ ಬಂಗಲೆ. ಇನ್ನೊಂದು ಕೋಟೆ ಗುಡ್ಡದ ಆಸುಪಾಸಿನ ಪೇಟೆ. ದಂಡಿಗೆ ಸಾಮಾನು ಒದಗಿಸುವವರು, ಹತ್ತಿ ವ್ಯಾಪಾರಿಗಳು, ಅಕ್ಕಸಾಲಿಗರು, ದರ್ಜಿಗಳು ಎಲ್ಲರೂ ಪೇಟೆಯಲ್ಲೇ. 19ನೇ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂದ ಮೇಲೆ ಪೇಟೆ ಇನ್ನೂ ದಟ್ಟವಾಯಿತು.

ಪೇಟೆಯಲ್ಲಿ ಎಲ್ಲರಿಗೂ ಬೀದಿ ಕಡೆಗೊಂದು ಬಾಗಿಲು ಬೇಕು. ಹಾಗಾಗಿ ಜಾಗಗಳು ಮುಂದೆ ಕಿರಿದು, ಹಿಂದಕ್ಕೆ ಉದ್ದ. ಬೀದಿಗೆ ಕಟ್ಟೆ, ಕಟ್ಟೆಯ ಹಿಂದೆ ಅಂಗಡಿ, ಅದರ ಹಿಂದೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಪಕ್ಕದ ಮನೆಗೂ ಇದಕ್ಕೂ ಗೋಡೆ ಒಂದೇ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಗವಾಕ್ಷಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಇದು ಸುಮ್ನೆ ಹುಟ್ಟಿದ ವಿನ್ಯಾಸ ಅಲ್ಲ. ಇಂದಿನ ಆರ್ಕಿಟೆಕ್ಟ್ ಕಚೇರಿಗಳು ‘ಮಿಶ್ರ ಬಳಕೆ’ ಅಂತ ಬಣ್ಣದ ಹಾಳೆಯಲ್ಲಿ ತೋರಿಸುವುದನ್ನು ನಮ್ಮ ಪೇಟೆ ಯಾರ ಅನುಮತಿಯೂ ಇಲ್ಲದೆ ಮಾಡಿಕೊಂಡಿತ್ತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರಾ ಅಣೆಕಟ್ಟೆಯ ನೀರು ಹರಿದ ಮೇಲೆ ಸುತ್ತಮುತ್ತ ಭತ್ತ ಬಂತು, ಜನ ಬಂದರು. 1961ರಲ್ಲಿ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಆಯಿತು. ಊರಿಗೆ ನಕ್ಷೆ, ನಕ್ಷೆಗೆ ಬಣ್ಣ. ಹಳದಿ ಅಂದರೆ ವಾಸ, ನೀಲಿ ಅಂದರೆ ವ್ಯಾಪಾರ. ಹೊಸ ಬಡಾವಣೆಗೆ ಇದು ಸರಿಯಾಗಿಯೇ ಇತ್ತು. ಆದರೆ ಅಪ್ಪ ಕೆಳಗೆ ಬೆಳ್ಳಿ ತೂಗುತ್ತಾ, ಅಮ್ಮ ಒಳಗೆ ರೊಟ್ಟಿ ಬಡಿಯುತ್ತಾ ಇದ್ದ ಮನೆಗೆ ಯಾವ ಬಣ್ಣ ಹಚ್ಚೋದು?

ಜೀನ್ಸ್ ವಿಷಯದಲ್ಲೂ ಇದೇ ಆಯಿತು. ಬಳ್ಳಾರಿ ಜೀನ್ಸ್ ದೇಶಕ್ಕೆಲ್ಲಾ ಹೋಗುತ್ತೆ, ಆದರೆ ಅದು ಒಂದೇ ಸೂರಿನಡಿ ತಯಾರಾಗಲ್ಲ. ಒಂದು ಕಡೆ ಕಟಿಂಗ್, ಇನ್ನೊಂದು ಮನೆಯಲ್ಲಿ ಹೊಲಿಗೆ, ಮತ್ತೊಂದು ಮನೆಯಲ್ಲಿ ಕಾಜಾ-ಗುಂಡಿ. ದಾರ ಕತ್ತರಿಸೋ ಕೆಲಸ ಹೆಂಗಸರಿಗೆ, ಅದೂ ಮನೆಬಾಗಿಲಲ್ಲೇ. ವಾಷಿಂಗ್ ಘಟಕದ ನೀಲಿ ನೀರನ್ನು ಮನೆಗಳಿಂದ ದೂರ ಇಡಬೇಕು ಅನ್ನೋದು ನ್ಯಾಯ. ಆದರೆ ಹೊಲಿಗೆ ಯಂತ್ರವನ್ನೂ ವಾಷಿಂಗ್ ಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಆ ಮನೆಯ ಹೆಂಗಸರ ಸಂಪಾದನೆ ಅಲ್ಲಿಗೇ ನಿಲ್ಲುತ್ತೆ.

ಆಮೇಲೆ ಗಣಿ ದುಡ್ಡಿನ ಕಾಲ. 2000ದ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಬಳ್ಳಾರಿಯ ಸೈಟಿನ ಬೆಲೆಯೂ ಏರಿತು. ಆದರೆ ಆ ದುಡ್ಡು ಹಳೇ ಪೇಟೆಗೆ ಬಂದದ್ದು ಕಡಿಮೆ. ಊರಾಚೆಯ ಹೊಲಕ್ಕೆ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿ ಲೇಔಟ್ ಹಾಕೋದು ಸಲೀಸು: ಒಬ್ಬನೇ ರೈತ, ಒಂದೇ ಪಹಣಿ, ಚೌಕಾಕಾರದ ಸೈಟುಗಳು. 2001ರ ಜನಗಣತಿಯಲ್ಲಿ 3 ಲಕ್ಷ ದಾಟಿದ್ದ ಊರು 2011ರಲ್ಲಿ 4 ಲಕ್ಷ ದಾಟಿತ್ತು. ಅದೇ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕಿತು. ಎಷ್ಟೋ ಲೇಔಟಿನ ಕಲ್ಲುಗಳು ನೆಟ್ಟಲ್ಲೇ ಉಳಿದವು. ಮುಂದೆ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ದಾವಣಗೆರೆ, ಶಿವಮೊಗ್ಗ, ತುಮಕೂರು ಇದ್ದವು, ಬಳ್ಳಾರಿ ಇರಲಿಲ್ಲ. ಪೇಟೆಯ ಪಾಡು ಪೇಟೆಗೇ ಬಿಟ್ಟಹಾಗಾಯಿತು.

ಈಗ ಆ ಅಗಲದ ಲೆಕ್ಕಕ್ಕೆ ಬರೋಣ. ಪೇಟೆಯಲ್ಲಿ 18 ಅಡಿ ಅಗಲ, 70 ಅಡಿ ಉದ್ದದ ಒಂದು ಜಾಗ ಇದೆ ಅಂದುಕೊಳ್ಳಿ. ಹಳೇ ಮನೆ ಗೋಡೆಗೆ ಗೋಡೆ ಅಂಟಿಕೊಂಡಿತ್ತು. ಹೊಸದಾಗಿ ಕಟ್ಟುವಾಗ ಎರಡೂ ಬದಿ ಒಂದೊಂದು ಮೀಟರ್ ಬಿಡಬೇಕಾದರೆ ಆರೂವರೆ ಅಡಿ ಹೋಯಿತು. ಉಳಿದದ್ದು ಹನ್ನೊಂದೂವರೆ. ಗೋಡೆಗಳ ದಪ್ಪ ಕಳೆದರೆ ಒಳಗೆ ಹತ್ತು ಅಡಿ. ಅದರಲ್ಲಿ ಮೆಟ್ಟಿಲಿಗೆ ಮೂರೂವರೆ ಕೊಟ್ಟರೆ ಮುಂದಿನ ಅಂಗಡಿಗೆ ಆರೂವರೆ ಅಡಿ ಉಳಿಯುತ್ತೆ, ಬೀಡಾ ಅಂಗಡಿಗೆ ಸಾಕು. ಒಂದು ಕಾರು ನಿಲ್ಲೋಕೆ ಎಂಟು ಅಡಿ ಬೇಕು. ಗುಡ್ಡದ ಹತ್ತಿರ ಬೇಸ್‌ಮೆಂಟ್ ಅಂದರೆ ಬಂಡೆ ಒಡೆಯಬೇಕು, ಪಕ್ಕದಲ್ಲಿ ನೂರು ವರ್ಷದ ಮಣ್ಣುಗೋಡೆ ಇಟ್ಟುಕೊಂಡು ಅದನ್ನು ಯಾರು ಮಾಡುತ್ತಾರೆ?

ಮಾಲೀಕನ ಮುಂದೆ ಉಳಿದಿರೋದು ಮೂರು ದಾರಿ. ಬೀಗ ಹಾಕಿ ಸುಮ್ಮನಿರೋದು. ಒಂದು ಪ್ಲಾನ್ ತೋರಿಸಿ ಇನ್ನೊಂದು ಕಟ್ಟೋದು. ಇಲ್ಲಾ ಪಕ್ಕದವರ ಜೊತೆ ಕೂಡೋದು. ಅಂಥವೇ ಎರಡು ಜಾಗ ಸೇರಿದರೆ ಅಗಲ 36 ಅಡಿ. ಬದಿಗೆ ಅದೇ ಆರೂವರೆ ಬಿಟ್ಟರೂ ಕಟ್ಟೋಕೆ ಇಪ್ಪತ್ತೊಂಬತ್ತೂವರೆ ಸಿಗುತ್ತೆ. ಬೇರೆ ಬೇರೆ ಕಟ್ಟಿದ್ದರೆ ಇಬ್ಬರಿಗೂ ಸೇರಿ 23 ಅಡಿ ಅಷ್ಟೇ. ಒಂದೇ ಮೆಟ್ಟಿಲು, ಒಂದೇ ಲಿಫ್ಟು, ಮುಂದೆ ಎರಡು ಒಳ್ಳೆ ಅಂಗಡಿ, ಹಿಂದೆ ಗಾಡಿಗಳು, ಮೇಲೆ ಮನೆಗಳು. ಪೇಟೆಯಲ್ಲಿ ಆರ್ಕಿಟೆಕ್ಟ್ ಕಚೇರಿಯ ನಿಜವಾದ ಕೆಲಸ ಚಂದದ ಮುಖ ಬರೆಯೋದಲ್ಲ, ಈ ಕೂಡುವ ಲೆಕ್ಕವನ್ನು ಇಬ್ಬರು ನೆರೆಯವರಿಗೂ ಒಪ್ಪಿಸೋದು ಅಂತ ನನಗನಿಸುತ್ತೆ.

ಸಣ್ಣ ಊರುಗಳಲ್ಲಿ ಪ್ಲಾನ್ ‘ಬರೆಸೋದು’ ಒಂದು ಕೆಲಸ, ಆರ್ಕಿಟೆಕ್ಟ್ ಹತ್ತಿರ ಹೋಗೋದು ಬೇರೆ ಕೆಲಸ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಆ ಹೆಸರಿಗೆ ರಕ್ಷಣೆ ಕೊಟ್ಟಿತು, ಕೆಲಸಕ್ಕಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟ ಮಾಡಿತು: ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳುವಂತಿಲ್ಲ, ವಿನ್ಯಾಸದ ಕೆಲಸ ಮಾಡೋಕೆ ಆ ಕಾಯ್ದೆಯ ತಡೆ ಇಲ್ಲ. ಹಾಗಾಗಿ ಹೆಚ್ಚಿನವರು ಪಾಲಿಕೆಗೆ ಕೊಡೋಕೆ ಬೇಕಾದಷ್ಟೇ ಡ್ರಾಯಿಂಗ್ ಮಾಡಿಸುತ್ತಾರೆ. ಅಂಗಡಿ ಗಿರಾಕಿಗೂ ಮನೆಯವರಿಗೂ ಬೇರೆ ಬೇರೆ ಮೆಟ್ಟಿಲು, ಅಂಗಡಿ ಮೀಟರ್ ಬೇರೆ ಮನೆ ಮೀಟರ್ ಬೇರೆ, ರಾತ್ರಿ ಶಟರ್ ಎಳೆಯುವ ಸದ್ದು ಮೇಲಿನ ಮಲಗೋ ಕೋಣೆಗೆ ಕೇಳದ ಹಾಗೆ ಜೋಡಣೆ, ಪಶ್ಚಿಮದ ಬಿಸಿಲಿಗೆ ಒಂದಿಷ್ಟು ನೆರಳು. ಇವೆಲ್ಲಾ ಆ ಡ್ರಾಯಿಂಗಿನಲ್ಲಿ ಬರಲ್ಲ.

ನೀರನ್ನೇ ನೋಡಿ. ನಲ್ಲಿಯಲ್ಲಿ ದಿನಾ ನೀರು ಬರುವ ಊರಲ್ಲ ನಮ್ಮದು. ಎಂಟು ಫ್ಲಾಟು, ಮನೆಗೆ ಐದು ಜನ, ತಲೆಗೆ ನಗರಗಳಿಗೆ ಹೇಳುವ 135 ಲೀಟರ್ ಅಂದರೆ ದಿನಕ್ಕೆ 5,400 ಲೀಟರ್. ವಾರಕ್ಕೊಮ್ಮೆ ನೀರು ಬಂದರೆ 37,800 ಲೀಟರ್ ಕೂಡಿಡಬೇಕು. ಅದು ಹೆಚ್ಚುಕಡಿಮೆ 12 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಆಳದ ಸಂಪು. ಹಾಸಿಗೆ ಹಾಕೋ ಕೋಣೆಯಷ್ಟು ಜಾಗ, ಅದೂ ನೆಲದೊಳಗೆ. ಹಳೇ ಮನೆಯಲ್ಲಿ ಒಂದು ಕುಟುಂಬ ಹಂಡೆ, ತೊಟ್ಟಿಯಲ್ಲಿ ಸುಧಾರಿಸಿಕೊಳ್ಳುತ್ತಿತ್ತು. ಮೇಲಕ್ಕೆ ಮನೆ ಪೇರಿಸುತ್ತಾ ಹೋದ ಹಾಗೆ ಈ ಲೆಕ್ಕ ತಪ್ಪಿಸಿಕೊಳ್ಳೋಕೆ ಆಗಲ್ಲ.

ಸಹಿಗಳ ವಿಷಯ ಇನ್ನೂ ಗೋಜಲು. ಅಜ್ಜನ ಹೆಸರಲ್ಲಿರುವ ಖಾತೆ, ಮೂರು ಮಕ್ಕಳು, ಅವರಿಗೆ ಒಂಬತ್ತು ಮಕ್ಕಳು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, 2005ರಲ್ಲಿ ಕೇಂದ್ರದ ತಿದ್ದುಪಡಿಯೂ ಆಯಿತು. ಬರಲೇಬೇಕಾಗಿದ್ದ ಹಕ್ಕು. ಆದರೆ ಎಷ್ಟೋ ಮನೆಗಳಲ್ಲಿ ಅಕ್ಕ-ತಂಗಿಯರ ಸಹಿ ನೆನಪಾಗೋದು ಬಿಲ್ಡರ್ ವಕೀಲರು ಕೇಳಿದಾಗಲೇ. ಹೈದರಾಬಾದಿನಲ್ಲಿ ಒಬ್ಬರು, ಅನಂತಪುರದಲ್ಲಿ ಒಬ್ಬರು, ಮಾತು ಬಿಟ್ಟವರು ಇನ್ನೊಬ್ಬರು.

ಇನ್ನು ಬಾಡಿಗೆದಾರರು. ಅವತ್ತು ಗುಡ್‌ವಿಲ್ ಅಂತ ಮುಂಗಡ ದುಡ್ಡು ಕೊಟ್ಟು ಸೇರಿದ ಅಂಗಡಿಯವರು ಇವತ್ತೂ ಸಣ್ಣ ಬಾಡಿಗೆ ಕೊಡುತ್ತಿರುತ್ತಾರೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಕೆಡವಿ ಕಟ್ಟೋಕೆ ಬಿಡಿಸಿಕೊಳ್ಳಲು ದಾರಿ ಇತ್ತು, ಹಾಗೆ ಬಿಟ್ಟುಕೊಟ್ಟವನಿಗೆ ಹೊಸ ಕಟ್ಟಡದಲ್ಲಿ ಮತ್ತೆ ಸೇರುವ ಹಕ್ಕೂ ಇತ್ತು. 1999ರ ಬಾಡಿಗೆ ಕಾಯ್ದೆ ಬಂದ ಮೇಲೂ ಹಳೇ ಅನುಮಾನ ಹೋಗಿಲ್ಲ. ಒಮ್ಮೆ ಬಿಟ್ಟರೆ ವಾಪಸ್ ಸೇರಿಸಿಕೊಳ್ಳಲ್ಲ ಅನ್ನೋ ಭಯ ಬಾಡಿಗೆದಾರರಿಗೆ. ಸೇರಿಸಿಕೊಂಡರೆ ಮತ್ತೆ ಬಿಡಲ್ಲ ಅನ್ನೋ ಭಯ ಮಾಲೀಕರಿಗೆ. ಕಟ್ಟಡ ಏಳುವ ತನಕ ಅದೇ ಬೀದಿಯಲ್ಲಿ ತಾತ್ಕಾಲಿಕ ಜಾಗ, ಆಮೇಲಿನ ಬಾಡಿಗೆ ಎಷ್ಟು ಅನ್ನೋದನ್ನು ಮೊದಲೇ ಬರೆದುಕೊಂಡ ಕಡೆ ಕೆಲಸ ಸಾಗುತ್ತೆ.

ಮಾಲೀಕ ಜಾಗ ಕೊಟ್ಟು, ಬಿಲ್ಡರ್ ಕಟ್ಟಿ, ಇಬ್ಬರೂ ಹಂಚಿಕೊಳ್ಳುವ ಜಾಯಿಂಟ್ ಡೆವಲಪ್‌ಮೆಂಟಿಗೆ 2016-17ರಲ್ಲಿ ಎರಡು ಅನುಕೂಲ ಬಂದವು. ಜಾಗ 500 ಚದರ ಮೀಟರ್ ಮೀರಿದರೆ ಮತ್ತು ಫ್ಲಾಟುಗಳು ಎಂಟಕ್ಕಿಂತ ಜಾಸ್ತಿ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ. ಅದರಿಂದ ಕೊಳ್ಳುವವರಿಗೆ ಧೈರ್ಯ. ಜಾಗ ಕೊಟ್ಟ ಕುಟುಂಬಕ್ಕೆ ಒಪ್ಪಂದ ಮಾಡಿದ ವರ್ಷವೇ ಬಂಡವಾಳ ಲಾಭದ ತೆರಿಗೆ ಬೀಳದೆ, ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರ ಸಿಕ್ಕ ವರ್ಷ ಬೀಳುವಂತಾಯಿತು. ಆದರೆ ಪೇಟೆಯ ಕಟ್ಟಡಗಳು ಸಾಮಾನ್ಯವಾಗಿ ರೇರಾ ಅಳತೆಗೆ ಬರದಷ್ಟು ಚಿಕ್ಕವು.

ಆ ಎರಡನೇ ದಾರಿ, ಒಂದು ತೋರಿಸಿ ಇನ್ನೊಂದು ಕಟ್ಟೋದು, ಬಹಳ ಕಾಲ ನಡೆಯಿತು. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮ ಯೋಜನೆ ಬರುತ್ತೆ, ಮೀರಿದ್ದನ್ನು ವಾಸದ ಕಟ್ಟಡಕ್ಕೆ ಶೇ 50, ವ್ಯಾಪಾರದ್ದಕ್ಕೆ ಶೇ 25ರವರೆಗೆ ಮನ್ನಿಸುತ್ತಾರೆ ಅನ್ನೋ ಭರವಸೆ. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ಯೋಜನೆಗೆ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಭರವಸೆ ಇಟ್ಟುಕೊಂಡವರು ಅಲ್ಲೇ ಕೂತರು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು: ಪೂರ್ಣತಾ ಅಥವಾ ವಾಸಯೋಗ್ಯ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು. ಸಣ್ಣ ಮನೆಗಳವರು ಕಂಗಾಲಾದಾಗ ರಾಜ್ಯ ಸರ್ಕಾರ 2025ರಲ್ಲಿ 1,200 ಚದರ ಅಡಿವರೆಗಿನ ಸೈಟಿನ ವಾಸದ ಕಟ್ಟಡಗಳಿಗೆ ವಿನಾಯಿತಿ ತಂದಿತು.

ನಮ್ಮ ಲೆಕ್ಕದ 18-70ರ ಜಾಗ 1,260 ಚದರ ಅಡಿ. ಅರವತ್ತು ಅಡಿ ಜಾಸ್ತಿ, ಅಲ್ವಾ? ಅದು ಕಡಿಮೆ ಇದ್ದಿದ್ದರೂ ಕೆಳಗಿನ ಅಂಗಡಿ ಇರುವ ತನಕ ಅದು ಬರೀ ವಾಸದ ಕಟ್ಟಡ ಅನ್ನಿಸಿಕೊಳ್ಳಲ್ಲ. ಹೀಗಾಗಿ ಮೀಟರ್ ಬೇಕು ಅಂದರೆ ಕರೆಂಟ್ ಕಂಪನಿ ಜೆಸ್ಕಾಂಗೆ ಹೋಗುವ ಮೊದಲು ಪಾಲಿಕೆಯ ಪತ್ರ ಬೇಕು, ಪಾಲಿಕೆಯ ಪತ್ರಕ್ಕೆ ಪ್ಲಾನ್ ಪ್ರಕಾರ ಕಟ್ಟಿರಬೇಕು, ಪ್ಲಾನ್ ಪ್ರಕಾರ ಕಟ್ಟೋಕೆ ಪಕ್ಕದವರ ಹದಿನೆಂಟು ಅಡಿಯೂ ಬೇಕು.