ಗಾಳಿ ಬಡಿದಷ್ಟೂ ಜೆಟ್ ಎಂಜಿನ್ ತಣ್ಣಗಾಗಬೇಕಲ್ಲವೇ?

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ತೆವಳುವಾಗ ನನ್ನ ಲಾರಿ ಕುದಿಯುತ್ತದೆ. ಹಾಸನದ ಕಡೆ ಬಯಲಿಗೆ ಬಂದು ವೇಗ ಹಿಡಿದರೆ ಮೀಟರಿನ ಮುಳ್ಳು ತಾನೇ ಇಳಿಯುತ್ತದೆ. ಜೆಟ್ ಹಾರುವ ಎತ್ತರದಲ್ಲಿ ಗಾಳಿ ಮೈನಸ್ 55 ಡಿಗ್ರಿ ಅಂತಾರೆ. ಹಾಗಾದರೆ ಜೋರಾಗಿ ಹಾರಿದಷ್ಟೂ ಅದರ ಎಂಜಿನ್ ತಣ್ಣಗಿರಬೇಕಲ್ಲ ಸಾರ್? (ಸಕಲೇಶಪುರದ ಲಾರಿ ಚಾಲಕರೊಬ್ಬರು)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಲಾರಿಯ ಮಟ್ಟಿಗೆ ನೀವು ಹೇಳಿದ್ದು ಪೂರ್ತಿ ಸರಿ. ಜೆಟ್‌ನಲ್ಲಿ ಅದು ತಿರುಗುಮುರುಗಾಗುತ್ತದೆ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಒತ್ತಿದ ಗಾಳಿಯ ಗುಣವೇ ಅದು. ಓಡುವ ವಾಹನವೂ ಮುಂದಿನ ಗಾಳಿಯನ್ನು ಒತ್ತುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿಯೆದುರು ಈ ಬಿಸಿ ಒಂದು ಡಿಗ್ರಿಯ ಏಳನೇ ಒಂದು ಪಾಲು, ಗಮನಕ್ಕೇ ಬಾರದು. ಆದರೆ ವೇಗ ದುಪ್ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 900 ಕಿ.ಮೀ. ವೇಗದ ಪ್ರಯಾಣಿಕ ವಿಮಾನದಲ್ಲಿ 31 ಡಿಗ್ರಿ ಏರುತ್ತದೆ. ಶಬ್ದದ ಮೂರು ಪಟ್ಟು ವೇಗದಲ್ಲಿ ಮೈನಸ್ 55ರ ಗಾಳಿ ಎಂಜಿನ್ ಬಾಯಿಗೆ ಬರುವಷ್ಟರಲ್ಲಿ 330 ಡಿಗ್ರಿ ದಾಟಿರುತ್ತದೆ. ಐದು ಪಟ್ಟಿನಲ್ಲಿ ಸುಮಾರು 1000. ತಂಪು ಮಾಡಬೇಕಾದ ಗಾಳಿಯೇ ಕೆಂಡ!

ಮಾಮೂಲಿ ಜೆಟ್ ಎಂಜಿನ್‌ನಲ್ಲೂ ಕಷ್ಟ ಕಡಿಮೆಯಿಲ್ಲ. ಉರಿದ ಅನಿಲದ ರಭಸಕ್ಕೆ ತಿರುಗುವ ಚಕ್ರವೇ ಟರ್ಬೈನ್. ಅದಕ್ಕೆ ಬಡಿಯುವ ಅನಿಲ 1500 ಡಿಗ್ರಿಗೂ ಮೀರಿರುತ್ತದೆ, ಅದರ ರೆಕ್ಕೆಗಳ ನಿಕಲ್ ಮಿಶ್ರಲೋಹವೋ 1350ರ ಆಸುಪಾಸಿನಲ್ಲೇ ಕರಗುವಂಥದ್ದು. ಆದರೂ ರೆಕ್ಕೆ ಉಳಿಯುತ್ತದೆ. ಅದರ ಒಳಗೆ ಪೊಳ್ಳು ದಾರಿಗಳು, ಮೈಮೇಲೆ ಸಾಸಿವೆಗಿಂತ ಸಣ್ಣ ತೂತುಗಳು. ಎಂಜಿನ್ನಿನ ಮುಂಭಾಗದಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರ್‌ನಿಂದ ಕದ್ದ ಗಾಳಿ ಆ ತೂತುಗಳಿಂದ ಹೊರಬಂದು ರೆಕ್ಕೆಗೆ ತೆಳ್ಳನೆಯ ಹೊದಿಕೆಯಾಗುತ್ತದೆ. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ತಕ್ಷಣ ಆರದೆ ಉರುಳಾಡುತ್ತದಲ್ಲ, ಅದರಡಿ ಹಬೆಯ ಪದರ ಇರುವುದರಿಂದ. ಹೆಚ್ಚೂಕಡಿಮೆ ಅದೇ ಉಪಾಯ. ಕದ್ದ ಗಾಳಿಯೇ 600 ಡಿಗ್ರಿ ಇದ್ದೀತು. ಆದರೂ 1500ರ ಮುಂದೆ ಅದು ತಂಪೇ.

ವೇಗ ಇನ್ನೂ ಏರಿದರೆ ಈ ಉಪಾಯ ಸಾಲದು. ಆಗ ಕೈ ಹಿಡಿಯುವುದು ಇಂಧನ. ಅಮೆರಿಕದ ಎಸ್‌ಆರ್-71 ವಿಮಾನ ತನ್ನ ಇಂಧನವನ್ನು ಕ್ಯಾಬಿನ್, ಹೈಡ್ರಾಲಿಕ್, ಎಂಜಿನ್ ಆಯಿಲ್ ಎಲ್ಲದರ ಬಿಸಿ ಹೀರಲು ಸುತ್ತಾಡಿಸಿ ಆಮೇಲೆ ಉರಿಸುತ್ತಿತ್ತು. ಬ್ರಿಟನ್ನಿನ ರಿಯಾಕ್ಷನ್ ಎಂಜಿನ್ಸ್ ಕಂಪನಿ ಬೇರೆ ದಾರಿ ಹಿಡಿಯಿತು: ಒಳಬರುವ ಗಾಳಿಯನ್ನೇ ಸಾವಿರಾರು ಸಪೂರ ಕೊಳವೆಗಳ ನಡುವೆ ಹಾಯಿಸಿ ತಣಿಸುವುದು. 2019ರಲ್ಲಿ ನೆಲದ ಮೇಲೆ 1000 ಡಿಗ್ರಿಯ ಗಾಳಿಯಲ್ಲಿ ಅದನ್ನು ಪರೀಕ್ಷಿಸಿದರು.

ನನಗೆ ಹೆಮ್ಮೆ ನಮ್ಮವರ ಕೆಲಸದ ಬಗ್ಗೆ. ಹೈದರಾಬಾದಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಡಿಆರ್‌ಡಿಎಲ್ 2025ರ ಏಪ್ರಿಲ್‌ನಲ್ಲಿ ಸ್ಕ್ರಾಮ್‌ಜೆಟ್ (ಶಬ್ದಕ್ಕಿಂತ ಜೋರಾಗಿ ಹರಿಯುವ ಗಾಳಿಯಲ್ಲೇ ಇಂಧನ ಉರಿಸುವ ಎಂಜಿನ್) ದಹನಕೋಣೆಯೊಂದನ್ನು ನೆಲದ ಮೇಲೆ 1000 ಸೆಕೆಂಡಿಗೂ ಹೆಚ್ಚು ಹೊತ್ತು ಉರಿಸಿತು. ಇಂಥ ಎಂಜಿನ್‌ಗೆಂದು ಅವರು ಬೆಳೆಸಿರುವ ಇಂಧನ ಬಿಸಿ ಹೀರಿಕೊಂಡು ತಾನೇ ಸಣ್ಣ ಅಣುಗಳಾಗಿ ಒಡೆದು, ಆಮೇಲೆ ಉರಿಯುತ್ತದೆ.

ಅಂದರೆ ಅಲ್ಲಿ ಇಂಧನದ ಟ್ಯಾಂಕೇ ರೇಡಿಯೇಟರ್. ನಿಮ್ಮ ಲಾರಿಯಲ್ಲಿ ಡೀಸೆಲ್ ಮುಗಿದರೂ ರೇಡಿಯೇಟರಿನ ನೀರು ಉಳಿದಿರುತ್ತದೆ. ಆ ಎಂಜಿನ್ನಿಗೋ ಎರಡೂ ಒಟ್ಟಿಗೆ ಮುಗಿಯುತ್ತವೆ.