ಮಗನ ಸ್ಟೇಟಸ್ ಮತ್ತು ಸೇನೆಯ 21ನೆಯ ನಿಯಮ

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರ ಆರಂಭವಾಗಿ ಇನ್ನೂ ಕೆಲವೇ ದಿನಗಳಾಗಿದ್ದಾಗ, ಬದಿಯಡ್ಕದ ಕಡೆಯ ಅಡಕೆ ಕೃಷಿಕರೊಬ್ಬರು ಕಾಸರಗೋಡಿನ ವಿದ್ಯಾನಗರದಲ್ಲಿರುವ ನನ್ನ ಕಚೇರಿಗೆ ಬಂದು, ಕುಳಿತುಕೊಳ್ಳುವುದಕ್ಕೂ ಮೊದಲು ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟರು. ಗುರುತು ಸಿಗಬಾರದೆಂದು ಊರನ್ನೂ ಕೆಲವು ವಿವರಗಳನ್ನೂ ಇಲ್ಲಿ ಬದಲಿಸಿದ್ದೇನೆ. ಸೇನೆಯಲ್ಲಿ ಸಿಪಾಯಿಯಾಗಿರುವ ಅವರ ಮಗ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಂದು ಫೋಟೊ ಹಾಕಿದ್ದ. ಅದು ಮೇಲಧಿಕಾರಿಯ ಕಣ್ಣಿಗೆ ಬಿದ್ದು ವಿಚಾರಣೆ ಶುರುವಾಗಿತ್ತು. "ವಕೀಲರೇ, ಎಲ್ಲಿದ್ದೇನೆಂದು ಅವನು ಒಂದಕ್ಷರವನ್ನೂ ಬರೆದಿಲ್ಲ. ಚಾ ಕುಡಿಯುವ ಫೋಟೊ ಅಲ್ಲವೇ, ಅದರಲ್ಲಿ ಏನಿದೆ?" ಎಂದು ಕೇಳಿದರು.

ಏನಿದೆ ಎಂಬುದನ್ನು ಫೋಟೊ ದೊಡ್ಡದು ಮಾಡಿ ತೋರಿಸಬೇಕಾಯಿತು. ಇಬ್ಬರು ಹುಡುಗರು ಕಾಗದದ ಲೋಟ ಹಿಡಿದು ನಗುತ್ತಿದ್ದಾರೆ. ಅವರ ಭುಜದ ಹಿಂದೆ ಹಳದಿ ಬಣ್ಣದ ನಿಲ್ದಾಣದ ಫಲಕ ಕಾಣುತ್ತದೆ, ಹೆಸರಿನ ಕೊನೆಯ ಮೂರು ಅಕ್ಷರಗಳು ಸ್ಪಷ್ಟವಾಗಿವೆ. ಇನ್ನೂ ಹಿಂದೆ ಗೂಡ್ಸ್ ಬಂಡಿಯ ಮೇಲೆ ಟಾರ್ಪಾಲು ಹೊದಿಸಿದ ವಾಹನಗಳ ಸಾಲು, ಬಂಡಿಯ ಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಹನ್ನೊಂದು ಅಂಕಿಗಳ ಸಂಖ್ಯೆ. ಮೇಲೆ ಸ್ಟೇಟಸ್ ಹಾಕಿದ ಸಮಯ. ಯಾವ ನಿಲ್ದಾಣ, ಯಾವ ಹೊತ್ತು, ಯಾವ ಬಗೆಯ ವಾಹನ ಎಂಬ ಮೂರು ಪ್ರಶ್ನೆಗಳಿಗೂ ಆ ಚಹಾದ ಫೋಟೊ ಉತ್ತರ ಕೊಡುತ್ತಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಆದರೆ ಸ್ಪಷ್ಟವಾಗಿರಲಿ ಎಂದು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಅದು ಹಾಗೆಯೇ ಉಳಿಯುತ್ತದೆ. ಮಗ ತಂದೆಗೆ ಕಳಿಸಿದ್ದು ಎರಡನೆಯ ಬಗೆಯಲ್ಲಿ.

ಸೈನಿಕನ ಮಾತಿಗೆ ಕಾನೂನು ಹಾಕಿರುವ ಗೆರೆ ಎಲ್ಲಿದೆ ಎಂಬುದರ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ರಹಸ್ಯವನ್ನು ಹೇಳಬಾರದು, ಉಳಿದದ್ದನ್ನು ಹೇಳಬಹುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಕಾನೂನು ಅಷ್ಟು ಉದಾರವಾಗಿಲ್ಲ. ಸಂವಿಧಾನದ 19ನೆಯ ವಿಧಿ ಎಲ್ಲ ಪ್ರಜೆಗಳಿಗೂ ವಾಕ್ ಸ್ವಾತಂತ್ರ್ಯ ಕೊಟ್ಟರೂ, 33ನೆಯ ವಿಧಿಯು ಸಶಸ್ತ್ರ ಪಡೆಗಳ ಮಟ್ಟಿಗೆ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಅದರ ಬಲದಿಂದ 1950ರ ಸೇನಾ ಕಾಯ್ದೆಯ 21ನೆಯ ಸೆಕ್ಷನ್, ಅದರಡಿಯಲ್ಲಿ 1954ರ ಸೇನಾ ನಿಯಮಾವಳಿಯ 21ನೆಯ ನಿಯಮ ಬಂದವು. (ಎರಡಕ್ಕೂ ಒಂದೇ ಸಂಖ್ಯೆ ಬಿದ್ದಿರುವುದರಿಂದ ಹೊಸ ವಕೀಲರು ಅರ್ಜಿಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆಯುವುದುಂಟು.) ರಾಜಕೀಯ ಪ್ರಶ್ನೆಯ ಬಗ್ಗೆಯಾಗಲಿ, ಸೇವೆಗೆ ಸಂಬಂಧಿಸಿದ ವಿಷಯದ ಬಗ್ಗೆಯಾಗಲಿ, ಸೇವಾ ಮಾಹಿತಿಯನ್ನು ಒಳಗೊಂಡದ್ದಾಗಲಿ, ಯಾವುದನ್ನೂ ಪೂರ್ವಾನುಮತಿ ಇಲ್ಲದೆ "ಯಾವುದೇ ರೂಪದಲ್ಲಿ" ಪ್ರಕಟಿಸಕೂಡದು ಎಂಬುದು ಆ ನಿಯಮದ ತಿರುಳು. ಅಲ್ಲಿ ಮುಖ್ಯವಾದದ್ದು ರಹಸ್ಯವಲ್ಲ, ಅನುಮತಿ. ಪತ್ರಿಕೆ ಮತ್ತು ಆಕಾಶವಾಣಿಯ ಕಾಲದಲ್ಲಿ ಬರೆದ "ಯಾವುದೇ ರೂಪದಲ್ಲಿ" ಎಂಬ ಮಾತು ಇಂದು ರೀಲ್ಸ್‌ಗೂ ಸ್ಟೇಟಸ್‌ಗೂ ಸಲೀಸಾಗಿ ಅನ್ವಯವಾಗುತ್ತದೆ. ನೌಕಾಪಡೆ, ವಾಯುಪಡೆಗಳ ಕಾಯ್ದೆಗಳಲ್ಲಿಯೂ ಇದೇ ಬಗೆಯ ಏರ್ಪಾಡಿದೆ.

ಯುದ್ಧಕಾಲವೆಂದರೆ ಘೋಷಿತ ಯುದ್ಧವೇ ಆಗಬೇಕೆಂದಿಲ್ಲ. ಕಾಯ್ದೆಯಲ್ಲಿರುವ ಪದ "ಸಕ್ರಿಯ ಸೇವೆ"; ಶತ್ರುವಿನ ವಿರುದ್ಧ ಕಾರ್ಯಾಚರಣೆಯಲ್ಲಿರುವ ಪಡೆಯಲ್ಲಿ ಇದ್ದರೆ ಸಾಕು, ಜೊತೆಗೆ 9ನೆಯ ಸೆಕ್ಷನ್ ಪ್ರಕಾರ ಕೇಂದ್ರ ಸರಕಾರ ಅಧಿಸೂಚನೆಯ ಮೂಲಕವೂ ಹಾಗೆಂದು ಘೋಷಿಸಬಹುದು. ಶತ್ರುವಿಗೆ ದ್ರೋಹಬುದ್ಧಿಯಿಂದ ಮಾಹಿತಿ ಕೊಟ್ಟರೆ 34ನೆಯ ಸೆಕ್ಷನ್ ಮರಣದಂಡನೆಯವರೆಗೆ ಹೋಗುತ್ತದೆ, ದ್ರೋಹಬುದ್ಧಿ ಇಲ್ಲದೆಯೂ ಅಧಿಕಾರವಿಲ್ಲದೆ ಶತ್ರುವಿಗೆ ಮಾಹಿತಿ ತಿಳಿಸಿದರೆ 35ನೆಯ ಸೆಕ್ಷನ್‌ನಡಿ 14 ವರ್ಷಗಳವರೆಗೆ ಸೆರೆವಾಸವಿದೆ. ಚಹಾದ ಫೋಟೊ ಅಲ್ಲಿಯವರೆಗೆ ಹೋಗುವುದಿಲ್ಲವೆಂದು ತಂದೆಗೆ ಹೇಳಿದೆ. ಅಂಥದ್ದು ಸಾಮಾನ್ಯವಾಗಿ ಶಿಸ್ತು ಉಲ್ಲಂಘನೆಯಾಗಿ ಕಮಾಂಡಿಂಗ್ ಅಧಿಕಾರಿಯ ಮುಂದೆ ಬರುತ್ತದೆ. 80ನೆಯ ಸೆಕ್ಷನ್‌ನಡಿ ಅವರು 28 ದಿನಗಳವರೆಗೆ ಸೇನಾ ಬಂಧನದಲ್ಲಿಡಬಹುದು. ಸಮ್ಮರಿ ಕೋರ್ಟ್ ಮಾರ್ಷಲ್‌ಗೆ, ಅಂದರೆ ಸೇನೆಯೊಳಗಿನ ಸಂಕ್ಷಿಪ್ತ ವಿಚಾರಣೆಗೆ, ಹೋದರೆ ಅದೇ ಅಧಿಕಾರಿ ಒಬ್ಬರೇ ನ್ಯಾಯಾಲಯ. ಅಲ್ಲಿ ವಕೀಲನು ಆರೋಪಿಯ ಪಕ್ಕದಲ್ಲಿ ಕುಳಿತು ಸಲಹೆ ಕೊಡಬಹುದೇ ಹೊರತು ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ, ನ್ಯಾಯಾಲಯವನ್ನು ಉದ್ದೇಶಿಸಿ ಮಾತನಾಡುವಂತಿಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ಗಂಟಲು ಹರಿಯುವಂತೆ ವಾದಿಸಿ ರೂಢಿಯಾದ ನಮಗೆ ಅದು ಕೈಕಟ್ಟಿದ ಅನುಭವ.

ಸೈನಿಕನ ಮಾತನ್ನು ಸೋಸುವ ಕೆಲಸ ಇಂದು ನಿನ್ನೆಯದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಓದುವುದಕ್ಕೆಂದೇ ಬ್ರಿಟಿಷರು ಒಂದು ಸೆನ್ಸಾರ್ ಕಚೇರಿ ತೆರೆದಿದ್ದರು. ಅದರ ಕಣ್ಣು ತಪ್ಪಿಸಲು ಸಿಪಾಯಿಗಳು ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬಿಳಿಯ ಸೈನಿಕರನ್ನು ಕೆಂಪು ಮೆಣಸೆಂದೂ ಬರೆಯತೊಡಗಿದರು, ಕರಿಮೆಣಸು ಮುಗಿಯುತ್ತಾ ಬಂದಿದೆ ಎಂದರೆ ಊರಿನಲ್ಲಿ ಅರ್ಥವಾಗುತ್ತಿತ್ತು. ಅಡಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಕರಿಮೆಣಸು ಕೊಯ್ಯುವ ನಮ್ಮ ಕಡೆಯವರಿಗೆ ಆ ಸಾಲು ಹೇಗೆ ಕೇಳಿಸುತ್ತಿತ್ತೋ ಎಂದು ನಾನು ಯೋಚಿಸಿದ್ದುಂಟು. ಸೆನ್ಸಾರ್‌ನವರಿಗೂ ಅರ್ಥವಾಗದೆ ಇರಲಿಲ್ಲ. ಸ್ವಾತಂತ್ರ್ಯದ ಬಳಿಕವೂ ಗಡಿಯಲ್ಲಿರುವ ಮಗನ ವಿಳಾಸದಲ್ಲಿ ಊರಿನ ಬದಲು ಇರುತ್ತಿದ್ದುದು "56 ಎಪಿಒ" ಎಂಬಂಥ ಸೇನಾ ಅಂಚೆ ಕಚೇರಿಯ ಸಂಖ್ಯೆ ಮಾತ್ರ. ಯಾವ ಊರು, ಯಾವ ರಾಜ್ಯ ಎಂಬುದು ಇನ್‌ಲ್ಯಾಂಡ್ ಪತ್ರದ ಮೇಲೆ ಎಲ್ಲಿಯೂ ಇರುತ್ತಿರಲಿಲ್ಲ. ಹಿಂದಿನ ತಲೆಮಾರಿನ ಅಪ್ಪ ಅಮ್ಮಂದಿರು ಅದನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದರು.

ಪತ್ರಕ್ಕೂ ಮೊಬೈಲಿಗೂ ಇರುವ ವ್ಯತ್ಯಾಸ ವೇಗದ್ದು. ಪತ್ರವನ್ನು ಒಬ್ಬರು ಓದಿ ತಡೆಯಬಹುದಿತ್ತು. ಸ್ಟೇಟಸ್‌ಗೆ ನಡುವೆ ಯಾರೂ ಇಲ್ಲ. 2010ರಲ್ಲಿ ಇಸ್ರೇಲಿನ ಸೈನಿಕನೊಬ್ಬ ಕೆಲವೇ ದಿನಗಳಲ್ಲಿ ನಡೆಯಲಿದ್ದ ದಾಳಿಯ ಸ್ಥಳವನ್ನು ಫೇಸ್‌ಬುಕ್‌ನಲ್ಲಿ ಬರೆದದ್ದರಿಂದ ಆ ದಾಳಿಯನ್ನೇ ಕೈಬಿಡಬೇಕಾಯಿತು. 2018ರ ಆರಂಭದಲ್ಲಿ, ಓಟದ ಲೆಕ್ಕವಿಡುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ಜಾಗತಿಕ ನಕ್ಷೆಯಲ್ಲಿ, ಮರುಭೂಮಿಯ ನಡುವಿನ ಸೇನಾ ನೆಲೆಗಳ ಸುತ್ತ ಸೈನಿಕರು ಬೆಳಗ್ಗೆ ಓಡಿದ ದಾರಿಗಳೇ ಬೆಳಗುತ್ತಿರುವುದು ಕಂಡುಬಂತು. ಅಲ್ಲಿ ಯಾರೂ ಒಂದು ಪದವನ್ನೂ ಬರೆದಿರಲಿಲ್ಲ. 2019ರಲ್ಲಿ ರಷ್ಯ ತನ್ನ ಸೈನಿಕರು ಕರ್ತವ್ಯದಲ್ಲಿ ಸ್ಮಾರ್ಟ್‌ಫೋನ್ ಬಳಸದಂತೆ ಕಾನೂನು ಮಾಡಿತು. ಹಾಗಿದ್ದೂ 2023ರ ಹೊಸ ವರ್ಷದ ರಾತ್ರಿ ರಷ್ಯದ ವಶದಲ್ಲಿದ್ದ ಪೂರ್ವ ಉಕ್ರೇನಿನ ಮಕಿಯಿವ್ಕಾದಲ್ಲಿ ಉಕ್ರೇನಿನ ರಾಕೆಟ್‌ಗಳಿಗೆ 89 ಸೈನಿಕರು ಬಲಿಯಾದರೆಂದು ರಷ್ಯವೇ ಹೇಳಿತು, ನಿಷೇಧವಿದ್ದರೂ ಸಾಮೂಹಿಕವಾಗಿ ಮೊಬೈಲ್ ಬಳಸಿದ್ದೇ ಮುಖ್ಯ ಕಾರಣವೆಂದಿತು. ತಪ್ಪನ್ನು ಸತ್ತವರ ಮೇಲೆ ಹೊರಿಸುವುದು ಅಧಿಕಾರಿಗಳಿಗೆ ಅನುಕೂಲಕರ ಎಂಬ ಅನುಮಾನ ನನಗಿದೆ, ಆದರೆ ಮೊಬೈಲಿನ ಸಂಕೇತದಿಂದ ಜಾಗ ಪತ್ತೆಹಚ್ಚಬಹುದೆಂಬುದರಲ್ಲಿ ಅನುಮಾನವಿಲ್ಲ.

ಆದ್ದರಿಂದ ಸ್ಥಳ, ಸಮಯ, ಸಂಖ್ಯೆ, ಚಲನೆ ಇವುಗಳ ಮೇಲಿನ ನಿರ್ಬಂಧವನ್ನು ನಾನು ಪ್ರಶ್ನಿಸುವುದಿಲ್ಲ. 2020ರ ಜುಲೈಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ಅಳಿಸುವಂತೆ ಸೇನೆ ಆದೇಶಿಸಿದಾಗ ಒಬ್ಬ ಲೆಫ್ಟಿನೆಂಟ್ ಕರ್ನಲ್ ದೆಹಲಿ ಹೈಕೋರ್ಟಿಗೆ ಹೋದರು. ಆಗಸ್ಟ್‌ನಲ್ಲಿ ಅರ್ಜಿ ವಜಾ ಆಯಿತು. ಗಡಿಯ ಉದ್ವಿಗ್ನತೆಯ ಆ ಕಾಲದಲ್ಲಿ ಬೇರೆ ತೀರ್ಪನ್ನು ನಿರೀಕ್ಷಿಸುವಂತಿರಲಿಲ್ಲ. ನನ್ನ ತಕರಾರಿರುವುದು "ಸೇವೆಗೆ ಸಂಬಂಧಿಸಿದ ವಿಷಯ" ಎಂಬ ಮಾತಿನ ವಿಸ್ತಾರದ ಬಗ್ಗೆ. ಬೇಳೆ ನೀರಾಗಿದೆ, ರಜೆ ಸಿಗುತ್ತಿಲ್ಲ, ಅಧಿಕಾರಿಯ ಮನೆಗೆಲಸಕ್ಕೆ ಹಚ್ಚಿದ್ದಾರೆ ಎಂಬುದೂ ಅದರೊಳಗೆ ಬರುತ್ತದೆ. ಇವುಗಳಿಂದ ಶತ್ರುವಿಗೆ ಸಿಗುವುದು ಅಷ್ಟಕ್ಕಷ್ಟೇ. 2017ರ ಜನವರಿಯಲ್ಲಿ ಬಿಎಸ್‌ಎಫ್ ಜವಾನನೊಬ್ಬ ಊಟದ ಗುಣಮಟ್ಟದ ಬಗ್ಗೆ ಹಾಕಿದ ವಿಡಿಯೊ ದೇಶವಿಡೀ ಹರಡಿತು, ಏಪ್ರಿಲ್‌ನಲ್ಲಿ ಆತ ವಜಾಗೊಂಡ. ಸೇನೆಯಲ್ಲಿರುವವರಿಗೆ ದೂರು ಕೊಡಲು ಸೇನಾ ಕಾಯ್ದೆಯ 26, 27ನೆಯ ಸೆಕ್ಷನ್‌ಗಳ ದಾರಿ ಇದೆ ನಿಜ. ನನ್ನ ಬಳಿ ಬಂದವರಲ್ಲಿ ಆ ದಾರಿಯ ಹೆಸರನ್ನಾದರೂ ಕೇಳಿದ್ದವರು ಬೆರಳೆಣಿಕೆಯಷ್ಟು, ನಂಬಿದ್ದವರು ಇನ್ನೂ ಕಡಿಮೆ. ಹೊರಗಿನ ಬಾಗಿಲಿಗೆ ಬೀಗ ಹಾಕುವವರು ಒಳಗಿನದನ್ನು ತೆರೆದಿಡಬೇಕು, ಇಲ್ಲವಾದರೆ ಮುಂದಿನ ವಿಡಿಯೊ ಬರುವುದು ಕಾರ್ಯಾಚರಣೆಯ ನಟ್ಟನಡುವೆಯೇ.

ತಂದೆಗೆ ಇದಾವುದೂ ಬೇಕಾಗಿರಲಿಲ್ಲ. ತಾನೇನಾದರೂ ಸಿಕ್ಕಿಬೀಳುತ್ತೇನೆಯೇ ಎಂಬುದು ಅವರ ಎರಡನೆಯ ಪ್ರಶ್ನೆ. ಏಕೆಂದರೆ ಹೆಮ್ಮೆ ತಡೆಯಲಾರದೆ ಆ ಫೋಟೊವನ್ನು ಅವರು ತರವಾಡಿನ, ಅಂದರೆ ಕುಟುಂಬದ, ಗ್ರೂಪಿಗೂ ದೈವದ ನೇಮೋತ್ಸವ ಸಮಿತಿಯ ಗ್ರೂಪಿಗೂ ಹಾಕಿದ್ದರು. ಸೇನಾ ಕಾಯ್ದೆ ಮನೆಯವರಿಗೆ ಅನ್ವಯಿಸುವುದಿಲ್ಲ, 1923ರ ಅಧಿಕೃತ ರಹಸ್ಯ ಕಾಯ್ದೆಯಾದರೋ ಎಲ್ಲರಿಗೂ ಅನ್ವಯಿಸುತ್ತದೆ. ಹೆಮ್ಮೆಯಿಂದ ಹಂಚಿದ ಫೋಟೊಕ್ಕೆ ಅದನ್ನು ಎಳೆದು ತರುವ ಸಾಧ್ಯತೆ ತೀರಾ ಕಡಿಮೆಯೆಂದೆ, ಇಲ್ಲವೆಂದು ಹೇಳಲಿಲ್ಲ. 2025ರ ಏಪ್ರಿಲ್ 26ರಂದು, ರಕ್ಷಣಾ ಕಾರ್ಯಾಚರಣೆಗಳನ್ನು ನೇರಪ್ರಸಾರ ಮಾಡಬಾರದೆಂದು ಕೇಂದ್ರ ಸರಕಾರ ಟಿವಿ ಚಾನೆಲ್‌ಗಳಿಗೆ ಸೂಚಿಸಿದ್ದನ್ನು ಅವರು ಕೇಳಿದ್ದರು. ತಮ್ಮ ಗ್ರೂಪ್ ಒಂದು ಚಾನೆಲ್ ಎಂದು ಅವರಿಗೆ ಹೊಳೆದಿರಲಿಲ್ಲ.

ಎಲ್ಲರಿಗೂ ಅಳಿಸುವ ಗುಂಡಿಯನ್ನು ಒತ್ತಿ ನೋಡಿದೆವು. ವಾಟ್ಸ್‌ಆ್ಯಪ್ ಅದಕ್ಕೆ ಕೊಟ್ಟಿರುವ ಅವಧಿ ಎರಡೂವರೆ ದಿನ. ಅವರು ಕಳಿಸಿ ನಾಲ್ಕು ದಿನವಾಗಿತ್ತು. ಗ್ರೂಪಿನ ಸದಸ್ಯರ ಪಟ್ಟಿಯನ್ನು ತೆರೆದು, ಕನ್ನಡಕ ಏರಿಸಿಕೊಂಡು, ಮೊದಲನೆಯ ಹೆಸರಿಗೆ ನನ್ನ ಎದುರಿನಲ್ಲಿಯೇ ಕರೆ ಮಾಡಿದರು: "ಅಣ್ಣಾ, ಮೊನ್ನೆ ಹಾಕಿದ ಫೋಟೊ ಇತ್ತಲ್ಲ, ಅದನ್ನು ಒಮ್ಮೆ ತೆಗೆದುಬಿಡಿ. ಬೇರೆ ಯಾರಿಗಾದರೂ ಕಳಿಸಿದ್ದೀರಾ?"