ಸೆಕ್ಷನ್ 6: ಒಂಬತ್ತು ಎಕರೆಗೆ ಮೂರು ಲೆಕ್ಕ

‘ತೊಡಕಿನ ಕಾನೂನು ದಾವೆ ಹೆಚ್ಚಿಸುತ್ತದೆಯೇ?’ ಎಂಬ ಪ್ರಶ್ನೆಗೆ ನಾನು ‘ಜನರಿಗೆ ಕೋರ್ಟಿನ ಚಟ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಹಾಸನದಲ್ಲಿ ಸೀನಿಯರ್ ವಕೀಲರೊಬ್ಬರ ಬಳಿ ಪಾಲಿನ ದಾವೆಗಳ ಫೈಲು ಓದಿದ ಮೇಲೆ ಆ ಉತ್ತರ ಹೊಡೆದುಹಾಕಿದೆ. ತೊಡಕಿನ ಕಾನೂನೇ ದಾವೆ ಹೆಚ್ಚಿಸುತ್ತದೆ ಎನ್ನಲು ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಸೆಕ್ಷನ್ 6 (ಪಿತ್ರಾರ್ಜಿತ ಆಸ್ತಿಯಲ್ಲಿ ಯಾರಿಗೆ ಪಾಲು ಎನ್ನುವ ಕಲಂ) ಒಂದೇ ಸಾಕು.

ನಾನೇ ಕಟ್ಟಿದ ಉದಾಹರಣೆ: ಆಲೂರಿನ ಕಡೆ 9 ಎಕರೆ ಪಿತ್ರಾರ್ಜಿತ ಜಮೀನು. ಅಪ್ಪ 2001ರಲ್ಲಿ ತೀರಿಕೊಂಡರು, ವಿಲ್ ಇಲ್ಲ. ಅಮ್ಮ ಮೊದಲೇ ಹೋಗಿದ್ದಾರೆ. ಉಳಿದವರು ಅಣ್ಣ, ಅಕ್ಕ, ತಂಗಿ. ಅಕ್ಕನ ಮದುವೆ 1988ರಲ್ಲಿ, ತಂಗಿಯದು 1996ರಲ್ಲಿ.

1956ರ ಮೂಲ ಕಾಯ್ದೆಯಲ್ಲಿ ಅಪ್ಪ, ಮಗ ಇಬ್ಬರೇ ಸಹದಾಯಾದಿಗಳು, ಅಂದರೆ ಹುಟ್ಟಿನಿಂದಲೇ ಪಾಲಿನ ಹಕ್ಕುಳ್ಳವರು: ತಲಾ ನಾಲ್ಕೂವರೆ. ಅಪ್ಪನ ಪಾಲು ಮೂವರಿಗೆ ಹಂಚಿದರೆ ಅಣ್ಣನಿಗೆ 6, ಅಕ್ಕ-ತಂಗಿಗೆ ತಲಾ ಒಂದೂವರೆ.

ಕರ್ನಾಟಕದ ತಿದ್ದುಪಡಿ 30-7-1994ರಿಂದ ಹೆಣ್ಣುಮಕ್ಕಳನ್ನೂ ಸೇರಿಸಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. ಈಗ ಅಪ್ಪ, ಅಣ್ಣ, ತಂಗಿಗೆ ತಲಾ 3. ಅಪ್ಪನ 3 ಒಡೆದರೆ ಅಣ್ಣ 4, ತಂಗಿ 4, ಅಕ್ಕ 1.

ಕೇಂದ್ರದ ತಿದ್ದುಪಡಿ 9-9-2005ರಿಂದ: ಮದುವೆಯ ತಾರೀಖು ಲೆಕ್ಕಕ್ಕಿಲ್ಲ, ಕೊನೆಗೆ ಮೂವರು ಮಕ್ಕಳಿಗೂ ತಲಾ 3. ಗಮನಿಸಿ, ಇದರಲ್ಲಿ ತಂಗಿಗೂ ಒಂದು ಎಕರೆ ನಷ್ಟ. ಹಾಗಾಗಿ ಅವಳು ಅಣ್ಣನ ಪಕ್ಷ!

2001ರಲ್ಲೇ ತೀರಿಕೊಂಡ ಅಪ್ಪನ ಮಗಳಿಗೆ 2005ರ ಹಕ್ಕು ಸಿಗುತ್ತದೆಯೇ? ಸುಪ್ರೀಂ ಕೋರ್ಟ್ 2015ರಲ್ಲಿ, ಪ್ರಕಾಶ್–ಫೂಲಾವತಿ ಪ್ರಕರಣದಲ್ಲಿ, ಅಪ್ಪ 9-9-2005ರಂದು ಬದುಕಿರಬೇಕು ಎಂದಿತು. 2018ರ ದಾನಮ್ಮ ಪ್ರಕರಣದಲ್ಲಿ 2001ರಲ್ಲೇ ತೀರಿಕೊಂಡಿದ್ದವರ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಎರಡೂ ನಮ್ಮ ರಾಜ್ಯದಿಂದಲೇ ಹೋದವು, ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠ, ಹಾಗಾಗಿ ಒಂದು ಇನ್ನೊಂದನ್ನು ಮೀರುವಂತಿಲ್ಲ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದ ಮೂವರ ಪೀಠ ಗಂಟು ಬಿಡಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಬೇಕಿಲ್ಲ.

ನಡುವೆ, 2019ರಲ್ಲಿ, ಅಣ್ಣನ ವಕೀಲರು ‘ಗೆಲ್ಲುತ್ತೀರಿ’ ಅಂದರೂ ಸುಳ್ಳಲ್ಲ. ಅಕ್ಕನ ವಕೀಲರು ಅಂದರೂ ಸುಳ್ಳಲ್ಲ. ಒಂದು ಎಕರೆಯೋ ಮೂರೋ ತಿಳಿಯದೆ ರಾಜಿಗೆ ಯಾರು ಕೂರುತ್ತಾರೆ?

ನಾನು ಎಡವಿದ್ದು ‘ಕಾಲ್ಪನಿಕ ವಿಭಾಗ’ದಲ್ಲಿ. ಅಪ್ಪ ಸಾಯುವ ಮುನ್ನಿನ ಗಳಿಗೆಯಲ್ಲಿ ಪಾಲಾಯಿತು ಎಂದುಕೊಳ್ಳಿ, ಅನ್ನುತ್ತಿತ್ತು ಹಳೇ ಸೆಕ್ಷನ್. 20-12-2004ಕ್ಕೆ ಮೊದಲಿನ ಪಾಲನ್ನು ಹೊಸ ಕಾನೂನು ಮುಟ್ಟುವುದಿಲ್ಲ. 2001ರಲ್ಲೇ ಪಾಲಾಗಿದೆಯಲ್ಲ, ಅಕ್ಕನ ಕಥೆ ಮುಗಿಯಿತು ಅಂದುಕೊಂಡೆ. ತಪ್ಪು. ಅದು ಅಪ್ಪನ ಪಾಲೆಷ್ಟು ಎಂದು ಅಳೆಯುವ ಕೋಲು ಮಾತ್ರ. ಯಾರೂ ಬದು ಹಾಕಿಲ್ಲ, ಕಲ್ಲು ನೆಟ್ಟಿಲ್ಲ, ಜಮೀನು ಒಟ್ಟಿಗೇ ಇದೆ. ಕೋರ್ಟು ಮೊದಲ ಹಂತದಲ್ಲಿ ಕೊಡುವ ಪ್ರಾಥಮಿಕ ಡಿಕ್ರಿಯೂ ಹಾಗೇ: ಯಾರಿಗೆಷ್ಟು ಎನ್ನುತ್ತದೆ, ಯಾವ ಮೂಲೆ ಎನ್ನುವುದಿಲ್ಲ. ಅಂತಿಮ ಡಿಕ್ರಿ ಆಗುವವರೆಗೆ ಲೆಕ್ಕ ತಿದ್ದಬಹುದು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿಯೇ ಹಳೇ ದಾವೆಗಳು ಮತ್ತೆ ಮತ್ತೆ ಎದ್ದು ಕೂರುವುದು.

ನನ್ನ ಸುಲಭದಾರಿ: ಅಪ್ಪ ಸತ್ತ ತಾರೀಖಿನಿಂದ ಶುರು ಮಾಡಬೇಡಿ. ಮೊದಲು, 20-12-2004ಕ್ಕೆ ಮುಂಚಿನ ನೋಂದಾಯಿತ ಪಾಲುಪತ್ರವೋ ಅಂತಿಮ ಡಿಕ್ರಿಯೋ ಇದೆಯೇ ನೋಡಿ. ಇದ್ದರೆ ಅಲ್ಲಿಗೇ ನಿಲ್ಲಿ. ಬರೀ ಬಾಯಿಮಾತಿನ ಪಾಲು ಎಂದರೆ, ಸರ್ಕಾರಿ ದಾಖಲೆಯ ಬೆಂಬಲವಿಲ್ಲದೆ ಒಪ್ಪಬೇಡಿ.